ಠಸ್ಸೆ

ವಿದೇಶಕ್ಕೆ ಹೋಗುವ ಕಾಗದವನ್ನು ಕೆಂಪು ಡಬ್ಬಕ್ಕೆ ಹಾಕಕೂಡದು ಎನ್ನುವುದು ನಮ್ಮ ಮನೆಯ ಕಾನೂನು. ಅಪ್ಪ ಅದನ್ನು ತಾವೇ ಅಂಚೆ ಕಚೇರಿಗೆ ಒಯ್ದು, ಕಿಟಕಿಯ ಮುಂದೆ ನಿಂತು, ‘ಒಂದು ಠಸ್ಸೆ ಹೊಡೆದುಬಿಡಿ ಸಾರ್, ನೋಡ್ಕೊಂಡು ಹೋಗ್ತೀನಿ’ ಎನ್ನುತ್ತಿದ್ದರು. ಹೊರದೇಶದ ಲಕೋಟೆಗೆ ಅಂಟಿಸುವ ಸ್ಟಾಂಪಿನ ದುಡ್ಡಿನಲ್ಲಿ ಎರಡು ದಿನದ ತರಕಾರಿ ಬರುತ್ತಿತ್ತು. ಮುದ್ರೆ ಬೀಳದ ಸ್ಟಾಂಪನ್ನು ದಾರಿಯಲ್ಲಿ ಯಾರಾದರೂ ನೀರು ಹಚ್ಚಿ ಕಿತ್ತುಕೊಂಡರೆ ಗತಿಯೇನು ಎಂಬುದು ಅಪ್ಪನೊಬ್ಬರದಲ್ಲ, ಇಡೀ ಬೀದಿಯ ಗುಮಾನಿ. ಗುಮಾಸ್ತರು ಬೇಸರಿಸದೆ ಮರದ ಹಿಡಿಯ ಮುದ್ರೆಯನ್ನು ಎತ್ತಿಕೊಂಡು ಮಸಿ ಕುಡಿದ ಪ್ಯಾಡಿಗೆ ಒಂದೇಟು, ಲಕೋಟೆಗೆ ಒಂದೇಟು ಹಾಕುವರು. ಟಪ್, ಧಡ್. ಟಪ್, ಧಡ್. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದುವರು: ಊರು, ದಿನ, ತಿಂಗಳು, ವರ್ಷ. ವರ್ಷದ ಜಾಗದಲ್ಲಿ ಬರೀ ಕಪ್ಪು ಮೆತ್ತಿದ್ದರೆ, ‘ಇದು ಕೂತಿಲ್ಲ, ಇನ್ನೊಂದು ಹೊಡೀರಿ.’

ಆ ಠಸ್ಸೆಯನ್ನು ನಂಬಿಕೊಂಡು ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ತಡವಾಗಿ ಅರ್ಜಿ ಹಾಕಿದೆ. 1989ರ ಜನವರಿ ತಿಂಗಳು, ಮೈಸೂರು.

ತಡಕ್ಕೆ ಕಾರಣ ನಾನೇ. ಅಂಕಪಟ್ಟಿಗಳು ಮುಚ್ಚಿದ ಲಕೋಟೆಯಲ್ಲಿ, ಅಂಟಿನ ಗೆರೆಯ ಮೇಲೆ ಅಡ್ಡ ಸಹಿಯೊಂದಿಗೆ, ಡಿಸೆಂಬರಿನಲ್ಲೇ ಕೈಸೇರಿದ್ದವು. ಶಿಫಾರಸು ಪತ್ರಗಳೂ ಬಂದಿದ್ದವು. ಉಳಿದದ್ದು ನಾನೇ ಬರೆಯಬೇಕಾದ ಒಂದೂವರೆ ಪುಟ: ನನಗೆ ಓದಬೇಕೆಂದು ಏಕೆ ಅನ್ನಿಸುತ್ತಿದೆ ಎಂಬ ಹೇಳಿಕೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಆರು ಸಲ ಬರೆದೆ, ಆರು ಸಲ ಹರಿದೆ. ಏಳನೆಯದು ಮುಗಿದಾಗ ಜನವರಿ 13, ಶುಕ್ರವಾರ ರಾತ್ರಿ. ಕಡೆಯ ದಿನ 15. ನಡುವೆ ಶನಿವಾರ ಸಂಕ್ರಾಂತಿ, ಆಮೇಲೆ ಭಾನುವಾರ.

ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲದ ಪೊಟ್ಟಣ, ಎರಡು ಸಕ್ಕರೆ ಅಚ್ಚು ಹಿಡಿದುಕೊಂಡು ಟೈಪಿಸ್ಟರ ಮನೆಗೆ ಹೋದೆ. ಅವರು ಕೋರ್ಟಿನ ಎದುರು ಜಾಬ್ ಟೈಪಿಂಗ್ ಅಂಗಡಿ ಇಟ್ಟವರು. ಕ್ರಯಪತ್ರ, ವಿಚ್ಛೇದನದ ಅರ್ಜಿ, ಅಮೆರಿಕದ ಅರ್ಜಿ ಎಲ್ಲಕ್ಕೂ ಪುಟಕ್ಕೆ ಒಂದೇ ದರ. ನಾನು ಕೊಟ್ಟ ಹಾಳೆಯ ಮೇಲೆ ಕಣ್ಣಾಡಿಸಿ, ಸಂಕೋಚದಿಂದ ಕೇಳಿದರು: ‘ಮೊದಲನೇ ಸಾಲಲ್ಲಿ “ಸಿನ್ಸ್ ಮೈ ಚೈಲ್ಡ್‌ಹುಡ್” ಅಂತ ಹಾಕಲ್ವಾ? ಹೋದವರೆಲ್ಲ ಹಾಕಿದಾರೆ.’ ಏಳು ಸಲ ತಿಣುಕಿ ಬರೆದದ್ದಕ್ಕೆ ಇಷ್ಟು ನಿಖರವಾದ ವಿಮರ್ಶೆ ಮತ್ತೆ ಯಾವತ್ತೂ ಸಿಕ್ಕಿಲ್ಲ. ಹಾಕಿಸಿಬಿಟ್ಟೆ.

ಭಾನುವಾರ ಮಧ್ಯಾಹ್ನಕ್ಕೆ ಲಕೋಟೆ ತಯಾರಾಯಿತು. ಅಂಚೆ ಕಚೇರಿಗೆ ಬೀಗ. ಸಂಧಾನ ಶುರುವಾದದ್ದು ಆಗ. ಅಪ್ಪನಿಗೆ ತಾರೀಖಿನ ಚಿಂತೆ. ಅಮ್ಮನಿಗೆ, ಇಷ್ಟೆಲ್ಲ ಒದ್ದಾಡಿ ಹುಡುಗ ಹೋಗಿಯೇಬಿಟ್ಟರೆ ಎಂಬ ಚಿಂತೆ. ಎದುರು ಮನೆಯವರು ರೈಲ್ವೆ ಅಂಚೆಯಲ್ಲಿ ಸಾರ್ಟರು. ಅಪ್ಪ ಅವರನ್ನು ಕರೆಸಿ ಕಾಫಿ ಕೊಟ್ಟು, ಊರ ಸುದ್ದಿಯೆಲ್ಲ ಮಾತಾಡಿ, ಕೊನೆಗೆ ಗಂಟಲು ಸರಿಮಾಡಿಕೊಂಡರು: ‘ನಾಳೆ ಬೆಳಿಗ್ಗೆ ಕೊಟ್ಟರೆ ಇವತ್ತಿನ ಠಸ್ಸೆ ಬೀಳೋ ಹಾಗೆ ಏನಾದ್ರೂ...’ ಅವರು ಲೋಟ ಕೆಳಗಿಟ್ಟರು. ‘ನಿಮ್ಮ ಮಗಳ ಮದುವೆಗೆ ಬೇಕಾದ್ರೆ ನನ್ನ ಸೈಕಲ್ ಮಾರ್ತೀನಿ. ತಾರೀಖಿನ ಅಚ್ಚು ಮಾತ್ರ ತಿರುಗಿಸಲ್ಲ.’ ಒಂದು ಕ್ಷಣ ಬಿಟ್ಟು ಅವರೇ ದಾರಿ ತೋರಿಸಿದರು: ‘ಯಾಕೆ ತಿರುಗಿಸಬೇಕು? ಇವತ್ತು ಇನ್ನೂ ಮುಗಿದಿಲ್ಲವಲ್ಲ. ರಾತ್ರಿ ಸ್ಟೇಷನ್ನಿಗೆ ಬನ್ನಿ. ರೈಲಿಗೆ ಭಾನುವಾರ ಇಲ್ಲ.’

ಅಚ್ಚು ತಿರುಗಿಸುವುದಿಲ್ಲ ಎಂದ ಆ ಮಾತಿನ ಹಿಂದೆ ಮುನ್ನೂರು ಚಿಲ್ಲರೆ ವರ್ಷಗಳ ಜಗಳ ಇತ್ತೆಂದು ನನಗೆ ಆಗ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಬಂದ 1660ರಲ್ಲಿ ಹೆನ್ರಿ ಬಿಷಪ್ ಎಂಬಾತ ವರ್ಷಕ್ಕೆ 21,500 ಪೌಂಡ್ ಕಟ್ಟುವ ಕರಾರಿನ ಮೇಲೆ ಇಡೀ ಅಂಚೆಯನ್ನು ಗುತ್ತಿಗೆ ಹಿಡಿದ. ಹೆಂಡದ ಕಂಟ್ರಾಕ್ಟು ಹಿಡಿದ ಹಾಗೆಯೇ. ಜನ ಬೈಯತೊಡಗಿದರು: ಕಾಗದಗಳು ತಡವಾಗುತ್ತಿವೆ, ಹಂಚುವವರು ಬೇಕೆಂದೇ ಕೂಡಿಟ್ಟುಕೊಳ್ಳುತ್ತಿದ್ದಾರೆ. ದೂರು ತಡೆಯಲಾರದೆ ಬಿಷಪ್ 1661ರಲ್ಲಿ ಒಂದು ಮುದ್ರೆ ಮಾಡಿಸಿದ. ಪುಟ್ಟ ವೃತ್ತ, ನಡುವೆ ಅಡ್ಡಗೆರೆ, ಮೇಲೆ ತಿಂಗಳಿನ ಎರಡಕ್ಷರ, ಕೆಳಗೆ ದಿನ. ಅಷ್ಟೇ. ಊರಿಲ್ಲ, ವರ್ಷವೂ ಇಲ್ಲ. (ನಮ್ಮಪ್ಪ ಒಪ್ಪುತ್ತಿರಲಿಲ್ಲ.) ಕಾಗದ ಕಚೇರಿಗೆ ಬಂದ ದಿನವೇ ಅದರ ಮೈಮೇಲೆ ಅಚ್ಚಾದರೆ ಹಂಚುವವನು ಸುಳ್ಳು ಹೇಳುವುದೆಲ್ಲಿ ಬಂತು?

ಠಸ್ಸೆ ಹುಟ್ಟಿದ್ದು ಕಳಿಸಿದವರನ್ನು ಹಿಡಿಯಲಿಕ್ಕಲ್ಲ, ಒಯ್ಯುವವರನ್ನು ಹಿಡಿಯಲಿಕ್ಕೆ. ‘ನಾನು ಕೊಟ್ಟಾಗಿದೆ, ಇನ್ನು ತಡವಾದರೆ ನಿನ್ನದು’ ಎಂದು ಬಡವ ದೊರೆಗೆ ಹೇಳಬಹುದಾಗಿದ್ದ ಮಾತು ಅದು. 1840ರಲ್ಲಿ ಅಂಟಿಸುವ ಸ್ಟಾಂಪು ಬಂದ ಮೇಲೆ ಮುದ್ರೆಗೆ ಇನ್ನೊಂದು ಕೆಲಸ ಹತ್ತಿತು: ಸ್ಟಾಂಪನ್ನು ಮತ್ತೆ ಬಳಸದಂತೆ ಕೊಲ್ಲುವುದು. ಮೊದಲು ಕೆಂಪು ಮಸಿ ಬಳಸಿದರು. ಜನ ಅದನ್ನು ಉಜ್ಜಿ ತೆಗೆಯುವುದನ್ನು ಕಲಿತರು. ಮರುವರ್ಷವೇ ಕಪ್ಪಿಗೆ ಬಂದರು. ಲಂಡನ್ನಿನವರೂ ನಮ್ಮ ಬೀದಿಯವರೂ ಈ ವಿಷಯದಲ್ಲಿ ಒಂದೇ ಗುಮಾನಿಯವರು. ಮೈಸೂರಿನಲ್ಲೂ ಅಂಚೆ ಎಂದರೆ ಬರೀ ಕಾಗದ ಒಯ್ಯುವ ಕೆಲಸವಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅಂಚೆಯವನೇ ಅರಮನೆಗೆ ಊರ ಸುದ್ದಿ ಮುಟ್ಟಿಸುವ ಬೇಹುಗಾರ. ಆ ಮೈಸೂರು ಅಂಚೆ ಬ್ರಿಟಿಷರ ಅಂಚೆಯಲ್ಲಿ ಸೇರಿಹೋದದ್ದು 1889ರಲ್ಲಿ, ನನ್ನ ಲಕೋಟೆಗೆ ಸರಿಯಾಗಿ ನೂರು ವರ್ಷ ಮುಂಚೆ.

ಸ್ಟೇಷನ್ನಿಗೆ ಹೊರಡುವ ಮುಂಚೆ ಮಾವ ಧೈರ್ಯ ತುಂಬಿದರು. ವಕೀಲರ ಗುಮಾಸ್ತರಾಗಿದ್ದ ಅವರಿಗೆ ಕಾನೂನಿನ ಪುಸ್ತಕಗಳ ಅರ್ಧರ್ಧ ಪುಟ ಬಾಯಿಗೆ ಬರುತ್ತಿತ್ತು. ‘1872ರ ಕಾಂಟ್ರಾಕ್ಟ್ ಆಕ್ಟು, ನಾಲ್ಕನೇ ಸೆಕ್ಷನ್ನು. ಪೋಸ್ಟಿಗೆ ಬಿತ್ತು ಅಂದ್ರೆ ಮುಗೀತು. ಅವರು ಕಟ್ಟುಬಿದ್ದ ಹಾಗೆ’ ಎಂದು, ಅದರ ಮೂಲಪುರುಷರಾದ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳ ಕಥೆ ಹೇಳಿದರು. 1817ರ ಸೆಪ್ಟೆಂಬರ್ 2ರಂದು ಉಣ್ಣೆಯವನು ಇಂಥ ಬೆಲೆಗೆ ಕೊಡುತ್ತೇನೆ ಎಂದು ಬ್ರಾಮ್ಸ್‌ಗ್ರೋವ್ ಎಂಬ ಊರಿನವರಿಗೆ ಕಾಗದ ಬರೆದ. ಜಿಲ್ಲೆಯ ಹೆಸರು ತಪ್ಪು ಬರೆದಿದ್ದರಿಂದ ಕಾಗದ ಎಲ್ಲೆಲ್ಲೋ ಅಲೆದು 5ರ ಸಂಜೆ ತಲುಪಿತು. ಅವರು ಅಂದೇ ಒಪ್ಪಿಗೆ ಕಳಿಸಿದರು. ಕಾದು ಸಾಕಾದ ಇವನು 8ಕ್ಕೆ ಉಣ್ಣೆಯನ್ನು ಬೇರೆಯವರಿಗೆ ಮಾರಿದ. 9ಕ್ಕೆ ಒಪ್ಪಿಗೆ ಕೈಸೇರಿತು. ಒಪ್ಪಿಗೆಯನ್ನು ಅಂಚೆಗೆ ಹಾಕಿದಾಗಲೇ ಕರಾರು ಆಗಿಹೋಯಿತು ಎಂದು 1818ರಲ್ಲಿ ಕೋರ್ಟು ಹೇಳಿತು. ಮಾವ ಈ ಕಥೆ ಮುಗಿಸುವಾಗ ಉಣ್ಣೆ ತಮ್ಮದೇ ಎಂಬಂತೆ ಕೈ ಝಾಡಿಸಿದರು.

ರಾತ್ರಿ ಒಂಬತ್ತಕ್ಕೆ ನಾನು, ಅಪ್ಪ ಪ್ಲಾಟ್‌ಫಾರ್ಮಿನಲ್ಲಿ. ಆಗಿನ್ನೂ ಮೀಟರ್ ಗೇಜು. ರಾತ್ರಿಯ ಗಾಡಿ ಸುಮ್ಮನೆ ಉಗುಳುತ್ತ ನಿಂತಿತ್ತು. ಮಂದ ಬಲ್ಬಿನ ಕೆಳಗೆ ಗೂಡುಗೂಡಾದ ಮರದ ಕಪಾಟು, ಗೋಣಿಚೀಲ, ಅರಗಿನ ವಾಸನೆ. ಸಾರ್ಟರು ಕೂತಲ್ಲೇ ಲಕೋಟೆಗಳನ್ನು ಇಸ್ಪೀಟಿನ ಹಾಗೆ ಗೂಡುಗಳಿಗೆ ಎಸೆಯುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ. ಹೊತ್ತು ಮೀರಿ ಬಂದವರು ಲೇಟ್ ಫೀ ಎಂದು ಇನ್ನೊಂದಿಷ್ಟು ಸ್ಟಾಂಪು ಹಚ್ಚಿದರೆ ಕಾಗದ ಅಂದಿನ ಗಾಡಿಗೇ ಹತ್ತುತ್ತಿತ್ತು. ತಡವಾದವನಿಗೂ ಒಂದು ದರ ಗೊತ್ತುಮಾಡಿ ಒಳಗೆ ಬಿಟ್ಟುಕೊಂಡ ಆ ಏರ್ಪಾಡಿನ ಮೇಲೆ ನನಗೆ ಇವತ್ತಿಗೂ ಗೌರವ. ಎದುರು ಮನೆಯವರು ಏನೂ ಪರಿಚಯವಿಲ್ಲದವರಂತೆ ಲಕೋಟೆ ತೆಗೆದುಕೊಂಡು, ಎಲ್ಲ ಸ್ಟಾಂಪುಗಳ ಮೇಲೂ ಒಂದೊಂದು ಏಟು ಹಾಕಿ, ಅಪ್ಪನ ಕಡೆ ತಿರುಗಿಸಿ ಹಿಡಿದರು. ಅಪ್ಪ ಬಗ್ಗಿ ಓದಿದರು. 15 ಜನವರಿ 89. ತಲೆ ಆಡಿಸಿದರು.

ಮಾರ್ಚ್ ತಿಂಗಳಲ್ಲಿ ಮೂರು ಸಾಲಿನ ಉತ್ತರ ಬಂತು. ನಿಮ್ಮ ಅರ್ಜಿ ನಮಗೆ ಫೆಬ್ರವರಿ 2ರಂದು ತಲುಪಿದೆ, ಗಡುವು ಮುಗಿದಿತ್ತು, ಜಾಗ ಉಳಿದರೆ ಪರಿಶೀಲಿಸುತ್ತೇವೆ. ನಾನು ಟ್ರಂಕು ಬಿಚ್ಚಿ ಮಾಹಿತಿ ಪುಸ್ತಕ ತೆಗೆದೆ. ‘ರಿಸೀವ್ಡ್ ಬೈ’ ಎಂದು ಸ್ಪಷ್ಟವಾಗಿ ಇತ್ತು. ‘ಪೋಸ್ಟ್‌ಮಾರ್ಕ್ಡ್ ಬೈ’ ಎಂದು ಬರೆದದ್ದು ಇನ್ನೊಂದು ವಿಶ್ವವಿದ್ಯಾಲಯದ ಪುಸ್ತಕದಲ್ಲಿ. ಅಲ್ಲಿಗೆ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಮಾವನ ಸೆಕ್ಷನ್ನೂ ಉಪಯೋಗಕ್ಕೆ ಬರಲಿಲ್ಲ. ವರ್ಷಗಳ ಮೇಲೆ ಅದನ್ನು ತೆರೆದು ಓದಿದೆ. ಅಂಚೆಗೆ ಬಿದ್ದಾಗಲೇ ಎದುರಿನವನನ್ನು ಕಟ್ಟುವುದು ಒಪ್ಪಿಗೆ ಮಾತ್ರ. ಪ್ರಸ್ತಾಪವಾದರೆ ಅದು ಎದುರಿನವರ ಅರಿವಿಗೆ ಬಂದಾಗಲೇ ಸಂದಂತೆ. ಅದೇ ನಾಲ್ಕನೇ ಸೆಕ್ಷನ್ನು, ಅದರ ಮೊದಲನೇ ಸಾಲು. ಅರ್ಜಿ ಎಂದರೆ ಪ್ರಸ್ತಾಪ ತಾನೆ? ಹೆಣ್ಣು ಕೇಳಲು ಹೋದವನು, ಮನೆ ಬಿಟ್ಟ ಮುಹೂರ್ತಕ್ಕೇ ಮದುವೆಯಾಯಿತು ಎಂದುಕೊಂಡಿದ್ದೆ.

ಹಾಗಾದರೆ ಹೋದದ್ದು ಹೇಗೆ? ಏಪ್ರಿಲ್ 15ರ ದಯೆಯಿಂದ. ಸಹಾಯಧನದ ಜೊತೆಗೆ ಸೀಟು ಕೊಟ್ಟ ವಿದ್ಯಾರ್ಥಿಯನ್ನು ಆ ತಾರೀಖಿನವರೆಗೆ ಉತ್ತರ ಕೊಡು ಎಂದು ಒತ್ತಾಯಿಸಬಾರದು ಎಂದು ಅಲ್ಲಿನ ಬಹುಪಾಲು ಸ್ನಾತಕೋತ್ತರ ಕಾಲೇಜುಗಳು ತಮ್ಮತಮ್ಮಲ್ಲೇ ಒಂದು ಒಡಂಬಡಿಕೆ ಮಾಡಿಕೊಂಡಿವೆ. ಚೆನ್ನಾಗಿ ಓದಿದವನಿಗೆ ನಾಲ್ಕು ಕಡೆ ಎಲೆ ಹಾಕಿರುತ್ತಾರೆ. ಅವನು ಒಂದರ ಮುಂದೆ ಕೂತು ಮೂರನ್ನು ಬಿಡುವುದು ಆ ದಿನವೇ. ಆಗ ಎರಡನೆಯ ಪಂಕ್ತಿಗೆ ಕರೆ. ಬಾಗಿಲಲ್ಲಿ ನಿಂತವರಲ್ಲಿ ನಾನೂ ಒಬ್ಬ. ಏಪ್ರಿಲ್ 17ರ ತಾರೀಖಿನ ಪತ್ರ ಮೇ ಮೊದಲ ವಾರ ಮೈಸೂರಿಗೆ ಬಂತು: ಸೀಟು ಇದೆ, ಪಾಠ ಹೇಳಿಕೊಟ್ಟರೆ ಸಂಬಳವೂ ಇದೆ. ಯಾವ ಪುಣ್ಯಾತ್ಮ ಎದ್ದುಹೋದ ಎಲೆಯೋ ಅದು. ಆಮೇಲೆ ಮದರಾಸಿನ ವೀಸಾ ಸಾಲು, ಸ್ವೆಟರು, ಉಪ್ಪಿನಕಾಯಿ ಭರಣಿ. ಅವನ್ನು ಬರೆದವರು ಬೇಕಾದಷ್ಟು ಜನರಿದ್ದಾರೆ.

ಎರಡನೆಯ ವರ್ಷ ವಿಭಾಗದ ಕಚೇರಿಯಲ್ಲಿ ಅರ್ಜಿ ಜೋಡಿಸುವ ಕೆಲಸಕ್ಕೆ ನನ್ನನ್ನೇ ಹಾಕಿದರು. ಲಕೋಟೆ ಕತ್ತರಿಸು, ಕಾಗದ ಹೊರತೆಗೆ, ಮೊದಲ ಪುಟಕ್ಕೆ ನೇರಳೆ ಮಸಿಯ ‘ರಿಸೀವ್ಡ್’ ಮುದ್ರೆ ಒತ್ತು, ಲಕೋಟೆಯನ್ನು ಬುಟ್ಟಿಗೆ ಹಾಕು. ಲಕೋಟೆಯನ್ನು ಬುಟ್ಟಿಗೆ! ಕಾನ್ಪುರ, ಬೀಜಿಂಗ್, ಲಾಗೋಸ್‌ಗಳಲ್ಲಿ ಎಷ್ಟು ಅಪ್ಪಂದಿರು ಬಗ್ಗಿ ಓದಿ ತಲೆಯಾಡಿಸಿದ ತಾರೀಖುಗಳೋ, ಒಂದನ್ನೂ ಯಾರೂ ನೋಡುತ್ತಿರಲಿಲ್ಲ. ಕಚೇರಿಯ ಹಿರಿಯ ಹೆಂಗಸು ಮಾತ್ರ ಮೊಮ್ಮಗನಿಗೆಂದು ಸ್ಟಾಂಪಿನ ಮೂಲೆಗಳನ್ನು ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಒಂದು ಮಧ್ಯಾಹ್ನ ಅದನ್ನೆಲ್ಲ ಮೇಜಿನ ಮೇಲೆ ಸುರುವಿ ನನ್ನದನ್ನು ಹುಡುಕಿದೆ. ಸಿಗಲಿಲ್ಲ. ಅಂದಿನಿಂದ ಕೆಲಸ ಬಿಡುವವರೆಗೆ, ನೇರಳೆ ಮುದ್ರೆ ಒತ್ತುವ ಮುಂಚೆ ಲಕೋಟೆ ತಿರುಗಿಸಿ ಠಸ್ಸೆ ಓದುತ್ತಿದ್ದೆ. ಅದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ.

ಮೊನ್ನೆ ತಂಗಿಯ ಮಗಳು ಇಂಗ್ಲೆಂಡಿಗೆ ಅರ್ಜಿ ಹಾಕಿದಳು. ಅಲ್ಲಿನ ಸಂಜೆ ಆರು ಗಂಟೆಗೆ ಗಡುವು, ಅಂದರೆ ನಮ್ಮ ರಾತ್ರಿ ಹನ್ನೊಂದೂವರೆ. ಹನ್ನೊಂದು ಇಪ್ಪತ್ತೇಳಕ್ಕೆ ಅವಳು ಗುಂಡಿ ಒತ್ತಿದಳು, ಒತ್ತಿದ ಕ್ಷಣವೇ ತಲುಪಿತು. ಕಳಿಸಿದ್ದೂ ತಲುಪಿದ್ದೂ ಒಂದೇ ನಿಮಿಷ. ನಡುವೆ ರೈಲೂ ಇಲ್ಲ, ಬಯ್ಯಲಿಕ್ಕೆ ಬಿಷಪ್ಪನೂ ಇಲ್ಲ. ತಡವಾದರೆ ಪೂರ್ತಿ ನಮ್ಮದೇ.

ಅಮೆರಿಕದಲ್ಲಿ ಠಸ್ಸೆಗೆ ಪೂರ್ತಿ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡದ್ದು ಒಂದೇ ಕಡೆ, ಅದೂ ಇನ್ನೊಂದು ಏಪ್ರಿಲ್ 15ರಂದು. ಅದು ಆದಾಯ ತೆರಿಗೆಯ ಕಡೆಯ ದಿನವೂ ಹೌದು. ಅಂಚೆ ಮುದ್ರೆಯ ತಾರೀಖನ್ನೇ ಸಲ್ಲಿಸಿದ ತಾರೀಖೆಂದು ಒಪ್ಪಬೇಕು ಎಂದು ತೆರಿಗೆ ಕಾನೂನೇ ಹೇಳಿತ್ತು. ದುಡ್ಡು ವಸೂಲು ಮಾಡುವ ಸರ್ಕಾರ ಅಷ್ಟು ಉದಾರಿ, ವಿದ್ಯೆ ಕೊಡುವವರು ಅಷ್ಟು ಬಿಗಿ. 1991ರ ಆ ಸೋಮವಾರ ರಾತ್ರಿ ಹನ್ನೊಂದೂಮುಕ್ಕಾಲಿಗೆ ನನ್ನ ಚಿಲ್ಲರೆ ಸಂಬಳದ ತೆರಿಗೆ ಪತ್ರ ಹಿಡಿದು ಊರಿನ ದೊಡ್ಡ ಅಂಚೆ ಕಚೇರಿಗೆ ಓಡಿದೆ. ನಡುರಾತ್ರಿಯವರೆಗೆ ಬಾಗಿಲು ತೆರೆದಿಟ್ಟಿದ್ದರು. ರಸ್ತೆಯಲ್ಲಿ ಕಾರುಗಳ ಸಾಲು. ಸಿಬ್ಬಂದಿ ತೊಟ್ಟಿ ಹಿಡಿದುಕೊಂಡು ಕಿಟಕಿಗಳಿಂದಲೇ ಲಕೋಟೆ ಇಸಿದುಕೊಳ್ಳುತ್ತಿದ್ದರು. ನನ್ನ ಕಡೆಗೂ ಒಂದು ತೊಟ್ಟಿ ಚಾಚಿತು. ನಾನು ಹಾಕಲಿಲ್ಲ. ಒಳಗೆ ಹೋಗಿ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ, ಮುದ್ರೆಯನ್ನು ದಯವಿಟ್ಟು ನನ್ನೆದುರೇ ಹೊಡೆಯಿರಿ ಎಂದೆ. ಕಿಟಕಿಯ ಹೆಂಗಸು ನನ್ನನ್ನು, ಗಡಿಯಾರವನ್ನು, ಮತ್ತೆ ನನ್ನನ್ನು ನೋಡಿ, ಟಪ್, ಧಡ್ ಎಂದು ಹೊಡೆದು ಲಕೋಟೆಯನ್ನು ನನ್ನ ಕಡೆ ತಿರುಗಿಸಿದಳು.

ಮರುದಿನವೇ ಇದನ್ನೆಲ್ಲ ಅಪ್ಪನಿಗೆ ವಿಸ್ತಾರವಾಗಿ ಬರೆದೆ. ಮೂರು ವಾರಕ್ಕೆ ಅವರ ನೀಲಿ ಏರೋಗ್ರಾಮ್ ಬಂತು. ಅಮ್ಮನ ಮಂಡಿನೋವು, ಮಾವನ ಹೊಸ ಕೇಸು, ಎದುರು ಮನೆಯವರ ನಿವೃತ್ತಿ ಎಲ್ಲ ಮುಗಿದ ಮೇಲೆ, ಅಂಟಿಸುವ ಮಡಿಕೆಯ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಕ್ಕೆ ಬರೆದಿದ್ದರು: ‘ವರ್ಷ ಸರಿಯಾಗಿ ಮೂಡಿತ್ತೋ?’