ತೋಪು ಸಿಡಿಯುವ ಹೊತ್ತಿಗೆ

ಮೈಸೂರು. ದಸರೆಗೆ ಇನ್ನು ಕೆಲವೇ ದಿನ. ವಸ್ತುಪ್ರದರ್ಶನದ ಮೈದಾನದಲ್ಲಿ ತಾಲೀಮಿಗೆಂದು ಫಿರಂಗಿಗಳು ಸಾಲಾಗಿ ನಿಂತಿವೆ. ಒಂದಿಷ್ಟು ದೂರದಲ್ಲಿ ಗಜಪಡೆ, ಅದರ ಪಕ್ಕ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳು. ಸಾಲಿನ ಕೊನೆಯ ಕುದುರೆ ಹೊಸತು, ಪುಕ್ಕಲು. ದಸರೆಗೆ ಸಿಡಿಸುವ ಕುಶಾಲತೋಪಿನ ಸದ್ದನ್ನು ಈವರೆಗೆ ಕೇಳಿಲ್ಲ. ಅದರ ಹಗ್ಗ ನಿಮ್ಮ ಕೈಯಲ್ಲಿದೆ.

"ಎದುರಿಗೆ ನಿಲ್ಬೇಡಿ ಸಾರ್, ಎಡಭುಜದ ಹತ್ರ ಬನ್ನಿ" ಎನ್ನುತ್ತಾರೆ ಹಳೆಯ ಸವಾರರು. ಕುದುರೆಯ ಕಣ್ಣಿರುವುದು ತಲೆಯ ಪಕ್ಕದಲ್ಲಿ. ಸುತ್ತಲಿನದೆಲ್ಲ ಕಾಣುತ್ತದೆ, ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕಾಣದು. ಕಾಣದ ಕಡೆಯಿಂದ ಕೈ ಬಂದರೆ ಬೆಚ್ಚುತ್ತದೆ.

ಮಾತಾಡುತ್ತಲೇ ಪಕ್ಕಕ್ಕೆ ಸರಿಯುತ್ತೀರಿ. ಏನು ಮಾತಾಡಿದರೂ ನಡೆದೀತು, ದನಿ ಒಂದೇ ಸಮ ಇರಬೇಕು. ಬೆವರು, ಹುರುಳಿ, ಲದ್ದಿ ಬೆರೆತ ವಾಸನೆ. ಭುಜದ ಮೇಲೆ ಕೈಯಿಡುತ್ತಿದ್ದಂತೆ ಅಲ್ಲಿನ ಚರ್ಮ ನೊಣ ಕೂತ ಹಾಗೆ ಅದುರುತ್ತದೆ. ತಟ್ಟಬೇಡಿ. ತಟ್ಟುವುದು ಹೆಚ್ಚಾಗಿ ನಮ್ಮ ಸಮಾಧಾನಕ್ಕೆ. ಜೂಲಿನ ಬುಡದಲ್ಲಿ ಮೆಲ್ಲಗೆ ಕೆರೆಯಿರಿ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದೂ ಅಲ್ಲೇ. ತಲೆ ತುಸು ಬಾಗುತ್ತದೆ. ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ಇನ್ನೊಂದು ಫಿರಂಗಿಯ ಕಡೆಗೇ.

ಅಲ್ಲಿ ಉದ್ದ ಕೋಲಿನಿಂದ ಮದ್ದು ಜಡಿಯುತ್ತಿದ್ದಾರೆ. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದೀರಾ? ಬಿಡಿಸಿ, ಈಗಲೇ. ಕುದುರೆ ಓಟ ಕಿತ್ತರೆ ಬೆರಳೇ ಹೋದೀತು. ಮಡಿಕೆ ಮಾಡಿ ಹಿಡಿಯಿರಿ.

ಢಂ!

ಸದ್ದು ಎದೆಗೂಡಿಗೇ ಬಡಿಯುತ್ತದೆ. ಹೊಗೆ. ಮದ್ದಿನ ಘಾಟು. ಕುದುರೆ ಹಿಂಗಾಲ ಮೇಲೆ ಏಳುತ್ತದೆ. ಕಣ್ಣಿನ ಬಿಳಿ. ಹೆಗಲ ಪಕ್ಕದಲ್ಲೇ ಗೊರಸು. ಎಳೆ, ಎಳೆ ಎನ್ನುತ್ತಿದೆ ನಿಮ್ಮ ಮೈಯೆಲ್ಲ. ಎಳೆದರೆ ಸದ್ದಿನ ಭಯಕ್ಕೆ ಮೂಗುಪಟ್ಟಿಯ ಬಿಗಿತವೂ ಸೇರುತ್ತದೆ. ಬಿಟ್ಟರೆ ಗೇಟು, ಅದರಾಚೆ ರಸ್ತೆ, ಬಸ್ಸು. ನೀವು ಒಂದು ಹೆಜ್ಜೆ ಪಕ್ಕಕ್ಕಿಟ್ಟು ಹಗ್ಗ ಸಡಿಲಿಸುತ್ತೀರಿ. ಮುಂಗಾಲು ನೆಲ ಮುಟ್ಟುತ್ತವೆ. ಬಲವಂತದಿಂದ ನಿಲ್ಲಿಸಬೇಡಿ, ನಿಮ್ಮ ಸುತ್ತ ಒಂದು ಸುತ್ತು ನಡೆಸಿ. ಪಕ್ಕದ ಹಳೆಯ ಕುದುರೆ ಏನೂ ಆಗಿಲ್ಲವೆಂಬಂತೆ ಬಾಲ ಬೀಸುತ್ತಿದೆ. ನಿಮ್ಮ ಮಾತಿಗಿಂತ ಹೊಸತು ಅದನ್ನೇ ಹೆಚ್ಚು ನಂಬುತ್ತದೆ. ಕಡೆಗೂ ಫುರ್ರೆಂದು ಉಸಿರು ಬಿಡುತ್ತದೆ, ನಾಲಿಗೆ ಚಪ್ಪರಿಸುತ್ತದೆ.

ಮತ್ತೆ ಮದ್ದು ತುಂಬುತ್ತಿದ್ದಾರೆ. ವಿಜಯದಶಮಿಯಂದು ಸಿಡಿಯುವುದು 21 ತೋಪು, ಅದೂ ಜನಸಾಗರದ ನಡುವೆ. ಮೆರವಣಿಗೆ ನೋಡಲು ರಸ್ತೆಯಂಚಿನಲ್ಲಿ ನಿಂತಾಗ, ಕುದುರೆಗಳು ಹತ್ತಿರ ಬಂದರೆ ಮಕ್ಕಳ ಕೈಯ ಪೀಪಿಯನ್ನು ಸ್ವಲ್ಪ ಹೊತ್ತು ಇಸಿದಿಟ್ಟುಕೊಳ್ಳಿ.