ನಾಚು

ಪಕ್ಕದ ಮನೆಯ ಪಿನ್ನಿಗಾರು (ಪಿನ್ನಿ ಎಂದರೆ ತೆಲುಗಿನಲ್ಲಿ ಚಿಕ್ಕಮ್ಮ; ಬೀದಿಗೆಲ್ಲ ಅವರು ಪಿನ್ನಿಗಾರುವೇ) ನಮ್ಮ ಎರಡಡಿಯ ಗಾಜಿನ ತೊಟ್ಟಿಯನ್ನು ಮೊದಲ ಸಲ ನೋಡಿದಾಗ ಮೂಗಿನ ಮೇಲೆ ಬೆರಳಿಟ್ಟು ಕೇಳಿದರು: “ಏಮಂಡಿ, ನಾಚು ಪೆಂಚುತುನ್ನಾರಾ?” ತೆಲುಗಿನ ನಾಚು ಎಂದರೆ ಪಾಚಿ, ನೀರಿನ ಕಳೆ. ಶಿರಸಿ ಸೀಮೆಯ ನನ್ನ ಕಿವಿಗೆ ಬಿದ್ದದ್ದು ಮಾತ್ರ ಕನ್ನಡದ ನಾಚು. ನಾಚಿಕೆಯನ್ನು ಯಾರಾದರೂ ಸಾಕುತ್ತಾರೆಯೇ ಎಂದು ಅರೆಗಳಿಗೆ ತಬ್ಬಿಬ್ಬಾದೆ.

ಅಸಲಿಗೆ ನಾನು ಬೆಳೆಸಲು ಹೊರಟದ್ದು ರೋಟಾಲಾ ಮ್ಯಾಕ್ರಾಂಡ್ರಾ. ಕುಂಕುಮದಂಥ ಎಲೆಯ ಆ ಚೆಲುವೆ ನಮ್ಮ ಪಶ್ಚಿಮ ಘಟ್ಟದವಳು. ಊರಿನ ಕಡೆಯ ಗಿಡ ಎಂಬ ಅಭಿಮಾನಕ್ಕೆ ವಿಶಾಖಪಟ್ಟಣದ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದು, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಹತ್ತು ದಿನಕ್ಕೆ ಎಲೆಗಳು ಗಾಜಿನಂತಾಗಿ ಕರಗಿಹೋದವು. ಮೀನುತೊಟ್ಟಿಯವರು ಇದಕ್ಕೆ ‘ಮೆಲ್ಟ್ ಆಯ್ತು’ ಅನ್ನುತ್ತಾರೆ. ಅವಳಿಗೆ ಬೇಕಾದದ್ದು ಮೆದು ನೀರು; ನಮ್ಮ ಬಾವಿಯದೋ, ಕೆಟಲಿನ ತಳದಲ್ಲಿ ವಾರಕ್ಕೊಂದು ಪದರ ಬಿಳಿ ಹೊಪ್ಪಳಿಕೆ ಬಿಡುವ ನೀರು. ಬೊರ್ರಾ ಗುಹೆಗಳ ಸುಣ್ಣಕಲ್ಲಿನ ನಡುವೆ ಹಾದುಬರುವ ಗೋಸ್ತನಿ ನಾವೀಗಿರುವ ಊರಲ್ಲೇ ಸಮುದ್ರ ಸೇರುವುದರಿಂದ, ನನ್ನ ಬೈಗುಳವೆಲ್ಲ ಆ ಬಡಪಾಯಿ ನದಿಗೇ.

ಆಮೇಲೆ ಬಂದದ್ದು ವ್ಯಾಲಿಸ್ನೇರಿಯಾ. ಇಟಲಿಯ ವೈದ್ಯ ಆಂಟೋನಿಯೊ ವ್ಯಾಲಿಸ್ನೇರಿಯ ಹೆಸರು ಹೊತ್ತ, ನೋಡಲು ಬರೀ ಹಸಿರು ರಿಬ್ಬನ್ನಿನಂಥ ಹುಲ್ಲು. ರೂಪವಿಲ್ಲ, ಬಿಂಕವಿಲ್ಲ. ಬುಡ ಮರಳಿನಲ್ಲಿ ಹೂತುಹೋಗದಂತೆ, ಬೇರು ಮಾತ್ರ ಒಳಗಿರುವಂತೆ ನೆಟ್ಟರೆ ಸಾಕು. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ತನಗೆ ಬೇಕಾದ ಇಂಗಾಲ ಕಸಿದುಕೊಳ್ಳುವ ಗಟ್ಟಿಗಿತ್ತಿ ಅದು. ಎಲೆಯ ಮೇಲೆ ಕೈಯಾಡಿಸಿದರೆ ಸುಣ್ಣದ ಹುಡಿ ಬೆರಳಿಗೆ ಹತ್ತುತ್ತಿತ್ತು. ನಾನು ಬೈದ ನೀರನ್ನು ಅದು ಉಣ್ಣುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಮರಳಿನ ಮೇಲೆ ಹಂಬು ಹರಿದು, ಗೇಣಿಗೊಂದು ಮರಿ.

ಇದರ ಮನೆತನವೂ ಸಣ್ಣದಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ನೀರು ಬದಲಿಸದೆಯೇ ಮೀನನ್ನು ಬದುಕಿಸಬಹುದೆಂದು ತೋರಿಸಿದ್ದು ಇದನ್ನೇ ಕಟ್ಟಿಕೊಂಡು: ಎರಡು ಗೋಲ್ಡ್ ಫಿಶ್, ಒಂದು ವ್ಯಾಲಿಸ್ನೇರಿಯಾ. ಕೊಳೆತ ಎಲೆಗಳಿಂದ ನೀರು ಕದಡಿದಾಗ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದು ತೇಗಿದವು. ನನ್ನ ತೊಟ್ಟಿಗೆ ಹುಳುಗಳು ಕರೆಯದೆ ಬಂದವು, ಗಿಡದ ಜೊತೆಗೇ, ವರದಕ್ಷಿಣೆಯ ಹಾಗೆ.

ಮೂರನೆಯ ತಿಂಗಳು ಒಂದು ಬೆಳಿಗ್ಗೆ, ಕಾಫಿ ಲೋಟ ಹಿಡಿದು ಕೂತವನಿಗೆ, ಬುಡದಿಂದ ದಾರದಂಥ ದಂಟೊಂದು ಮೇಲೆದ್ದು ನೀರಿನ ಮೈಗೆ ತಾಗಿರುವುದು ಕಂಡಿತು. ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ. ಹೂವು! ಹೆಣ್ಣು ಹೂವು.

ಕೆರೆಯಲ್ಲಾದರೆ ಮುಂದಿನ ಕಥೆ ಹೀಗೆ: ಗಂಡು ಗಿಡದ ಬುಡದಲ್ಲಿ ಸಾಸಿವೆಗಿಂತ ಸಣ್ಣ ಹೂಗಳು ತೊಟ್ಟು ಕಳಚಿಕೊಂಡು ಮೇಲೆ ತೇಲಿ, ಅರಳಿ, ದೋಣಿಗಳಂತೆ ಗಾಳಿಗೆ ಅಲೆಯುತ್ತವೆ. ಹೆಣ್ಣು ಹೂವಿನ ಸುತ್ತ ನೀರು ಚೂರು ತಗ್ಗಾಗಿರುತ್ತದೆ. ದೋಣಿಯೊಂದು ಆ ತಗ್ಗಿಗೆ ಜಾರಿ ಮುಗ್ಗರಿಸಿದರೆ ಮದುವೆ ಮುಗಿಯಿತು. ಕೂಡಲೇ ಆ ಉದ್ದ ದಂಟು ಸುರುಳಿ ಸುತ್ತಿಕೊಂಡು, ಹೂವನ್ನು ನೀರೊಳಕ್ಕೆ ಎಳೆದು ಬಚ್ಚಿಡುತ್ತದೆ. ಪಿನ್ನಿಗಾರು ತಮಗೆ ಗೊತ್ತಿಲ್ಲದ ಕನ್ನಡದಲ್ಲಿ ಎಷ್ಟು ಸರಿಯಾದ ಹೆಸರಿಟ್ಟಿದ್ದರು!

ಆದರೆ ನನ್ನ ತೊಟ್ಟಿಯಲ್ಲಿರುವುದೆಲ್ಲ ಒಂದೇ ತಾಯಿಯ ಹಂಬಿನ ಮಕ್ಕಳು, ಗಂಡೆಂಬುದೇ ಇಲ್ಲ. ಗಪ್ಪಿ ಮೀನೊಂದು ಬಂದು ಹೂವನ್ನು ಮೂಸಿ ಹೋಯಿತು. ಪಿನ್ನಿಗಾರುಗೆ ಹೂವು ತೋರಿಸಿ ಕಥೆ ಹೇಳಿದೆ. ಅವರು ಬಹಳ ಹೊತ್ತು ನೋಡಿ, “ಪಾಪಂ” ಎಂದು, ಹೊರಡುವಾಗ ತಮ್ಮ ತಾವರೆ ಟಬ್ಬಿಗೆಂದು ಎರಡು ಮರಿಗಳನ್ನು ಸ್ಟೀಲ್ ಚೊಂಬಿನಲ್ಲಿ ಇಟ್ಟುಕೊಂಡರು.

ಹೂವು ನಾಲ್ಕು ದಿನ ಹಾಗೇ ನಿಂತಿತ್ತು, ದಂಟು ನೆಟ್ಟಗೆ.