ಪರಿಚಯದ ಸಹಿ

ನಾನು ಓದಿದ್ದು ಬಿ.ಕಾಂ. ಕಾಲೇಜು ಆರಿಸಿದ್ದು ಹೇಗೆಂದರೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿತ್ತು, ಅಷ್ಟೇ. ಆಮೇಲೆ ನಿವೃತ್ತಿಯವರೆಗೂ ಬ್ಯಾಂಕಿನಲ್ಲಿ ಗುಮಾಸ್ತೆಗಿರಿ. ಹಾಗಾಗಿ, ಪಿಯುಸಿ ಮುಗಿಸಿದ ಮೊಮ್ಮಗಳು "ತಾತ, ನಾನು ಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡ್ತೀನಿ. ಈಗ ಯಾವ ಕಾಲೇಜು ಸೇರಲಿ?" ಎಂದಾಗ ನನಗೆ ದಿಗಿಲಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಪುಣೆ, ತಿರುಪತಿ ಮುಂತಾದ ಕಡೆಯ ಐಸರ್ ಸಂಸ್ಥೆಗಳಲ್ಲಿ ಐದು ವರ್ಷದ ಬಿ.ಎಸ್.-ಎಂ.ಎಸ್. ಇದೆ. ಪ್ರವೇಶ ಪರೀಕ್ಷೆ ಬರೆದಳು, ಸೀಟು ಸಿಗಲಿಲ್ಲ. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

"ಸಿ.ಎನ್.ಆರ್. ರಾವ್ ಅವರೂ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಮಾಡಿದವರೇ ಕಣಮ್ಮ. ಕಾಶಿಯಲ್ಲಿ ಎಂ.ಎಸ್ಸಿ., ಆಮೇಲೆ ಅಮೆರಿಕದಲ್ಲಿ ಪಿಎಚ್.ಡಿ. ಒಂದೊಂದೇ ಮೆಟ್ಟಿಲು" ಎಂದೆ.

ಇಬ್ಬರೂ ಎರಡು ಕಾಲೇಜು ನೋಡಿ ಬಂದೆವು. ಮೊದಲನೆಯದು ಗಾಜಿನ ಕಟ್ಟಡ. ನಾನು ಫೀಸು, ಹಾಸ್ಟೆಲ್ಲು ವಿಚಾರಿಸಿದೆ. ಅವಳು ಕೇಳಿದ್ದು ಒಂದೇ: "ಲ್ಯಾಬು ಎಷ್ಟು ಹೊತ್ತಿನ ತನಕ ತೆಗೆದಿರುತ್ತೆ?" ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು ಹಳೆಯ ಸರ್ಕಾರಿ ಕಾಲೇಜು. ಬೆಂಚು ಅಲ್ಲಾಡುತ್ತಿತ್ತು. ಅಲ್ಲಿನ ಮೇಡಂ ಒಬ್ಬರು ಅದೇ ಪ್ರಶ್ನೆಗೆ ಬೀಗದ ಕೈ ತೋರಿಸಿ, "ನಾನು ಇರೋ ತನಕ" ಎಂದು ನಕ್ಕರು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ದೊಡ್ಡ ಸಂಶೋಧನಾಲಯಗಳಲ್ಲಿ ಕೆಲಸ ಕಲಿಯಲು ವಿಜ್ಞಾನ ಅಕಾಡೆಮಿಗಳು ಫೆಲೋಶಿಪ್ ಕೊಡುತ್ತವೆ, ಅದಕ್ಕೆ ಅಧ್ಯಾಪಕರ ಶಿಫಾರಸು ಪತ್ರ ಬೇಕು ಎಂದೂ ಅವರೇ ತಿಳಿಸಿದರು.

ಆಗ ನನಗೆ ಬ್ಯಾಂಕು ನೆನಪಾಯಿತು. ನಮ್ಮ ಕಾಲದಲ್ಲಿ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರರೊಬ್ಬರು "ಇವರನ್ನು ಬಲ್ಲೆ" ಎಂದು ಸಹಿ ಹಾಕಬೇಕಿತ್ತು. ಎಷ್ಟೋ ಜನ ಕೌಂಟರಿನ ಮುಂದೆ ನಿಂತು, ಗುರುತಿಲ್ಲದವರ ಹತ್ತಿರ ಸಹಿಗೆ ಅಂಗಲಾಚುತ್ತಿದ್ದರು. ಕೈಯಲ್ಲಿ ದುಡ್ಡಿದ್ದರೂ ಖಾತೆ ಆಗುತ್ತಿರಲಿಲ್ಲ. ಪಿಎಚ್.ಡಿ.ಯ ಬಾಗಿಲಲ್ಲೂ ಅಂಕಪಟ್ಟಿಯ ಜೊತೆ "ಈ ಹುಡುಗಿ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ" ಎನ್ನುವ ಒಂದು ಸಹಿ ಬೇಕು. ನೂರಾರು ಮಕ್ಕಳ ನಡುವೆ ಹೆಸರೇ ತಿಳಿಯದ ಮೇಷ್ಟರು ಅದನ್ನು ಹೇಗೆ ಹಾಕಿಯಾರು?

ಮಕ್ಕಳೇ, ಕಾಲೇಜು ನೋಡಲು ಹೋದಾಗ ಗೇಟು ನೋಡಬೇಡಿ, ಲ್ಯಾಬಿನ ಬೀಗ ನೋಡಿ. ಅಜ್ಜ ಅಜ್ಜಿಯರೇ, ನಾವೂ ಫೀಸಿನ ಲೆಕ್ಕ ಆಮೇಲೆ ಹಾಕೋಣ.

ಮೊನ್ನೆ ಮೊಮ್ಮಗಳು ಕತ್ತಲಾದ ಮೇಲೆ ಮನೆಗೆ ಬಂದಳು. ಬೆರಳೆಲ್ಲ ಕಪ್ಪು. "ಸಿಲ್ವರ್ ನೈಟ್ರೇಟ್ ತಾತ, ತೊಳೆದರೂ ಹೋಗಲ್ಲ." ಅವಳ ಅಜ್ಜಿ ಬೈದಳು. ನಾನು ಬೈಯಲಿಲ್ಲ.